ಒಂದೇ ಸಂಬಳ, ಸ್ವಂತ ಮನೆ, ಮೂರು ಸಾಲ: ಯಾವುದನ್ನು ಮೊದಲು ತೀರಿಸಬೇಕು?

ರಿಸರ್ವ್ ಬ್ಯಾಂಕ್ 2025ರಲ್ಲಿ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿದರವನ್ನು, ನಾಲ್ಕು ಬಾರಿ ಇಳಿಸಿತು. ಫೆಬ್ರುವರಿಯಲ್ಲಿ ಶೇ 6.5 ಇದ್ದದ್ದು ಡಿಸೆಂಬರ್ ಹೊತ್ತಿಗೆ ಶೇ 5.25ಕ್ಕೆ ಬಂತು. ಪ್ರತಿ ಬಾರಿಯೂ ಪತ್ರಿಕೆಗಳಲ್ಲಿ ‘ಗೃಹಸಾಲಗಾರರಿಗೆ ಸಿಹಿ ಸುದ್ದಿ’ ಎಂಬ ಶೀರ್ಷಿಕೆ ಬಂತು, ಕಂತು ಎಷ್ಟು ಇಳಿಯುತ್ತದೆ ಎಂಬ ಕೋಷ್ಟಕವೂ ಬಂತು. ಅದೇ ವರ್ಷದ ಜುಲೈನಲ್ಲಿ ಐಟಿ ಕಂಪನಿ ಟಿಸಿಎಸ್ ತನ್ನ ನೌಕರರಲ್ಲಿ ಶೇ 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಮಂದಿಯನ್ನು ಕೈಬಿಡುವುದಾಗಿ ಹೇಳಿತು. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಇವು ಎರಡು ಬೇರೆ ಬೇರೆ ಸುದ್ದಿಗಳು. ಒಬ್ಬರೇ ದುಡಿದು, ಒಬ್ಬರೇ ಕಂತು ಕಟ್ಟಿ, ಒಬ್ಬರೇ ವಾಸಿಸುವ ಮನೆಯಲ್ಲಿ ಇವೆರಡನ್ನೂ ಒಟ್ಟಿಗೆ ಓದಲೇಬೇಕಾಗುತ್ತದೆ. ಬಡ್ಡಿ ಇಳಿದ ತಿಂಗಳಲ್ಲೇ ಸಂಬಳವೂ ನಿಂತುಹೋದರೆ ಆ ಇಳಿಕೆಯಿಂದ ಏನೂ ಆಗುವುದಿಲ್ಲ.

ಬೆಂಗಳೂರು, ಮೈಸೂರು, ಮಂಗಳೂರಿನಂಥ ಊರುಗಳಲ್ಲಿ ಒಂಟಿಯಾಗಿ ಫ್ಲ್ಯಾಟ್ ಕೊಂಡವರು ಈಗ ಅಪರೂಪವೇನಲ್ಲ. ಮದುವೆ ಬೇಡವೆಂದವರು, ವಿಚ್ಛೇದನದ ನಂತರ ಮನೆಯನ್ನೂ ಅದರ ಸಾಲವನ್ನೂ ತಾವೇ ಉಳಿಸಿಕೊಂಡವರು, ಗಂಡನೋ ಹೆಂಡತಿಯೋ ತೀರಿಕೊಂಡ ಮೇಲೆ ಅರ್ಧ ಉಳಿದ ಸಾಲವನ್ನು ಹೊತ್ತವರು ಇವರಲ್ಲಿ ಸೇರಿದ್ದಾರೆ. ಸಾಲ ತೀರಿಸುವ ಬಗ್ಗೆ ಇವರಿಗೆ ಸಿಗುವ ಸಲಹೆಯೆಲ್ಲ ಇಬ್ಬರು ದುಡಿಯುವ ಸಂಸಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಆ ಸಲಹೆ ‘ಎಷ್ಟು ಬಡ್ಡಿ ಉಳಿಯುತ್ತದೆ’ ಎಂಬಲ್ಲಿ ಶುರುವಾಗಿ ಅಲ್ಲಿಯೇ ಮುಗಿಯುತ್ತದೆ. ಒಂಟಿ ಮನೆಯೊಡೆಯರು ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದದ್ದು, ‘ಸಂಬಳ ನಿಂತರೆ ಎಷ್ಟು ತಿಂಗಳು ಈ ಮನೆಯನ್ನು ಉಳಿಸಿಕೊಳ್ಳಬಲ್ಲೆ’ ಎಂದು. ಈ ಪ್ರಶ್ನೆಯಿಂದ ಹೊರಟರೆ ಸಾಲ ತೀರಿಸುವ ಕ್ರಮವೇ ಬದಲಾಗುತ್ತದೆ ಎಂಬುದು ನನ್ನ ವಾದ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ರಾಜರಾಜೇಶ್ವರಿ ನಗರದಲ್ಲಿ ಎರಡು ಕೋಣೆಯ ಫ್ಲ್ಯಾಟ್ ಇರುವ, ನಲವತ್ತರ ಆಸುಪಾಸಿನ ಒಬ್ಬ ಮಹಿಳೆ. ಕೈಗೆ ಬರುವ ಸಂಬಳ ತಿಂಗಳಿಗೆ 90 ಸಾವಿರ. ಐದು ವರ್ಷದ ಹಿಂದೆ 20 ವರ್ಷದ ಅವಧಿಗೆ 40 ಲಕ್ಷ ಗೃಹಸಾಲ ಮಾಡಿದ್ದಾರೆ, ಬಡ್ಡಿ ಶೇ 8.5, ಕಂತು 34,713 ರೂಪಾಯಿ. ತಂದೆಯ ಶಸ್ತ್ರಚಿಕಿತ್ಸೆಗೆಂದು ಇತ್ತೀಚೆಗೆ 5 ಲಕ್ಷ ವೈಯಕ್ತಿಕ ಸಾಲ ತೆಗೆದಿದ್ದಾರೆ, ಶೇ 14ರ ಬಡ್ಡಿ, ಐದು ವರ್ಷ, ಕಂತು 11,634. ಗೃಹಪ್ರವೇಶದ ಕಾಲದ ಅಡುಗೆಮನೆ ಕಪಾಟು, ಫ್ರಿಜ್ಜು, ಆಮೇಲೆ ಒಂದೆರಡು ತುರ್ತು ಖರ್ಚು ಸೇರಿ ಕ್ರೆಡಿಟ್ ಕಾರ್ಡಿನಲ್ಲಿ 2 ಲಕ್ಷ ಬಾಕಿ ನಿಂತಿದೆ. ಈ ಲೆಕ್ಕದಲ್ಲಿ ಅತಿಶಯವೇನೂ ಇಲ್ಲ. ರಿಸರ್ವ್ ಬ್ಯಾಂಕಿನ 2025ರ ಜೂನ್ ತಿಂಗಳ ಹಣಕಾಸು ಸ್ಥಿರತಾ ವರದಿಯ ಪ್ರಕಾರ ದೇಶದ ಕುಟುಂಬಗಳ ಒಟ್ಟು ಸಾಲದಲ್ಲಿ ಅರ್ಧಕ್ಕಿಂತ ಹೆಚ್ಚಿನದು ಮನೆಗಾಗಿ ಮಾಡಿದ್ದಲ್ಲ. ವೈಯಕ್ತಿಕ ಸಾಲ, ಕಾರ್ಡು, ವಾಹನ, ಚಿನ್ನ ಇಂಥವು.

ಮೊದಲು ಕಾರ್ಡಿನ ಬಿಲ್ಲನ್ನು ಹತ್ತಿರದಿಂದ ನೋಡಿ. ತಿಂಗಳಿಗೆ ಶೇ 3.5 ಬಡ್ಡಿ ಎಂದರೆ 2 ಲಕ್ಷಕ್ಕೆ 7,000 ರೂಪಾಯಿ. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, ಅಂದರೆ ಮತ್ತೆ 1,260. ‘ಕನಿಷ್ಠ ಪಾವತಿ’ ಬಾಕಿಯ ಶೇ 5 ಎಂದಿಟ್ಟುಕೊಂಡರೆ 10,000. ಅದನ್ನು ತಪ್ಪದೆ ಕಟ್ಟಿದವರ ಅಸಲು ಆ ತಿಂಗಳು ಇಳಿಯುವುದು 1,740 ರೂಪಾಯಿ ಮಾತ್ರ. ಸಾಲದ್ದಕ್ಕೆ, ಹಳೆಯ ಬಾಕಿ ಇರುವವರೆಗೆ ಹೊಸ ಖರೀದಿಗೆ ಬಡ್ಡಿರಹಿತ ದಿನಗಳು ಸಿಗುವುದಿಲ್ಲ; ಇವತ್ತು ಕಾರ್ಡು ಉಜ್ಜಿ ತಂದ ದಿನಸಿಗೆ ಇವತ್ತಿನಿಂದಲೇ ಬಡ್ಡಿ ಓಡುತ್ತದೆ. ಗ್ರಾಹಕರ ಆಯೋಗ 2008ರಲ್ಲಿ ಕಾರ್ಡ್ ಬಡ್ಡಿಗೆ ವರ್ಷಕ್ಕೆ ಶೇ 30ರ ಮಿತಿ ಹಾಕಿತ್ತು. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಆ ಆದೇಶವನ್ನು ರದ್ದುಪಡಿಸಿತು. ಹಾಗಾಗಿ ಈ ವಿಷಯದಲ್ಲಿ ಕಾನೂನು ಬಂದು ಕಾಯುತ್ತದೆಂದು ನಂಬಿ ಕೂರುವಂತಿಲ್ಲ.

ಗೃಹಸಾಲದ ಖಾತೆ ಪಟ್ಟಿಯೂ ಅಷ್ಟೇ ಕಣ್ಣು ತೆರೆಸುತ್ತದೆ. ಮೊದಲ ತಿಂಗಳ 34,713 ರೂಪಾಯಿಯಲ್ಲಿ 28,333 ಬಡ್ಡಿಗೆ ಹೋಯಿತು, ಅಸಲಿಗೆ 6,380. ಐದು ವರ್ಷದಲ್ಲಿ 60 ಕಂತು ಸೇರಿ 20.8 ಲಕ್ಷ ಕಟ್ಟಿದ ಮೇಲೂ ಉಳಿದಿರುವ ಅಸಲು 35.25 ಲಕ್ಷ. ಅಂದರೆ ಕಡಿಮೆಯಾದದ್ದು ಐದು ಲಕ್ಷಕ್ಕೂ ಕಡಿಮೆ. ಇದನ್ನು ನೋಡಿ ಗಾಬರಿಯಾಗಿ, ಕೈಗೆ ಬಂದ ಬೋನಸ್ಸನ್ನೆಲ್ಲ ಗೃಹಸಾಲಕ್ಕೆ ಸುರಿಯುವವರು ಬಹಳ. ಒಂಟಿ ಮನೆಯೊಡೆಯರು ಅವಸರ ಮಾಡಬಾರದ ಜಾಗ ಇದೇ.

ಮೊದಲ ದುಡ್ಡು ಎಲ್ಲಿಗೆ ಹೋಗಬೇಕು

ಇಬ್ಬರು ದುಡಿಯುವ ಮನೆಯಲ್ಲಿ ಒಬ್ಬರ ಕೆಲಸ ಹೋದರೂ ಇನ್ನೊಬ್ಬರ ಸಂಬಳದಲ್ಲಿ ಕಂತು ಹೇಗೋ ಸಾಗುತ್ತದೆ. ಒಂಟಿ ಮನೆಗೆ ಆ ಎರಡನೆಯ ಸಂಬಳದ ಜಾಗದಲ್ಲಿ ನಿಲ್ಲಬೇಕಾದದ್ದು ಉಳಿತಾಯ ಖಾತೆಯ ಹಣ. ಅದಿಲ್ಲದಿದ್ದರೆ ಮುಂದಿನ ತೊಂದರೆ ಬಂದಾಗ ಮತ್ತೆ ಕಾರ್ಡೇ ಗತಿ. ತೀರಿಸಿದ ಸಾಲ ಹಿಂದಿನ ಬಾಗಿಲಿನಿಂದ ಒಳಗೆ ಬರುವುದು ಹೀಗೆಯೇ.

ವರ್ಷಕ್ಕೆ ಶೇ 42ರ ಬಡ್ಡಿಯ ಕಾರ್ಡ್ ಸಾಲ ಇಟ್ಟುಕೊಂಡು ಶೇ 3 ಬಡ್ಡಿ ಕೊಡುವ ಖಾತೆಯಲ್ಲಿ ದುಡ್ಡು ಕೂಡಿಡುವುದು ದಡ್ಡತನವಲ್ಲವೇ ಎಂದು ಕೇಳಬಹುದು. ಬರೀ ಅಂಕಿಗಳನ್ನು ನೋಡಿದರೆ ಹೌದು. ಆದರೆ ಗೃಹಸಾಲದ ಕಂತು 90 ದಿನ ಬಾಕಿಯಾದರೆ ಖಾತೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು 60 ದಿನಗಳ ನೋಟಿಸ್ ಕೊಟ್ಟು, ಕೋರ್ಟಿನಲ್ಲಿ ದಾವೆ ಹೂಡದೆಯೇ ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಳ್ಳಬಹುದು. ಕಾರ್ಡಿನ ಬಾಕಿಗಾಗಿ ಯಾರೂ ಹಾಗೆ ನೇರವಾಗಿ ಮನೆಗೆ ಬೀಗ ಹಾಕಲಾರರು. ಆದ್ದರಿಂದ ಬಡ್ಡಿಯ ಲೆಕ್ಕದಲ್ಲಿ ಕಾರ್ಡು ಮೊದಲ ಶತ್ರುವಾದರೂ, ಸೂರು ಕಾಯುವ ಲೆಕ್ಕದಲ್ಲಿ ಕೈಯಲ್ಲಿರುವ ಹಣವೇ ಮುಖ್ಯ. ನಾನು ಹೇಳುವ ನಡುವಿನ ದಾರಿ ಇದು: ಮೊದಲು ಎರಡು ತಿಂಗಳ ಗೃಹಸಾಲದ ಕಂತು ಮತ್ತು ಮನೆಖರ್ಚಿಗೆ ಆಗುವಷ್ಟು ಹಣವನ್ನು ಮುಟ್ಟದಂತೆ ಬದಿಗಿಡಿ. ಆಮೇಲೆ ಇರುವ ಶಕ್ತಿಯನ್ನೆಲ್ಲ ಕಾರ್ಡಿನ ಮೇಲೆ ಹಾಕಿ. ಕಾರ್ಡು ತೀರಿದ ಕೂಡಲೇ ಆ ಮೀಸಲನ್ನು ಆರು ತಿಂಗಳಿಗೆ ಏರಿಸಿ. ವೈಯಕ್ತಿಕ ಸಾಲದ ಸರದಿ ಆ ನಂತರ. ಗೃಹಸಾಲದ್ದು ಕೊನೆ.

ಮೇಲಿನ ಉದಾಹರಣೆಯ ಮಹಿಳೆಯ ಬಳಿ ಒಂದಿಷ್ಟು ಚಿನ್ನವಿದ್ದರೆ ದಾರಿ ಇನ್ನೂ ಚಿಕ್ಕದಾಗುತ್ತದೆ. ಚಿನ್ನ ಅಡವಿಡುವುದೆಂದರೆ ನಮ್ಮಲ್ಲಿ ಇನ್ನೂ ನಾಚಿಕೆಯ ವಿಷಯ, ಮನೆತನದ ಮರ್ಯಾದೆಯ ವಿಷಯ. ನನ್ನ ದೃಷ್ಟಿಯಲ್ಲಿ ಕಾರ್ಡಿನ ಸಾಲಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ಸುಲಭಕ್ಕೆ ಸಿಗುವುದಿಲ್ಲ. ಬ್ಯಾಂಕಿನಲ್ಲಿ ಶೇ 9.5ರ ಬಡ್ಡಿಗೆ 2 ಲಕ್ಷ ಚಿನ್ನದ ಸಾಲ ಪಡೆದು ಕಾರ್ಡಿನ ಬಾಕಿಯನ್ನು ಒಂದೇ ಸಲಕ್ಕೆ ತೀರಿಸಿದರೆ, ತಿಂಗಳ ಬಡ್ಡಿ (ಕಾರ್ಡಿನದು ಜಿಎಸ್‌ಟಿ ಸೇರಿ) 8,260ರಿಂದ ಸುಮಾರು 1,583ಕ್ಕೆ ಇಳಿಯುತ್ತದೆ. ಮೊದಲು ಕಟ್ಟುತ್ತಿದ್ದ ಅದೇ 10,000 ರೂಪಾಯಿಯನ್ನು ತಿಂಗಳು ತಿಂಗಳು ಕಟ್ಟುತ್ತಾ ಹೋದರೆ 22 ತಿಂಗಳಲ್ಲಿ ಸಾಲ ಮುಗಿಯುತ್ತದೆ. ಕಾರ್ಡಿಗೆ ಅಷ್ಟೇ ಹಣ ಕಟ್ಟಿದ್ದರೆ 43 ತಿಂಗಳಿಗೂ ಹೆಚ್ಚು ಬೇಕಾಗುತ್ತಿತ್ತು. ಚಿನ್ನದ ಸಾಲಕ್ಕೆ ಸಾಮಾನ್ಯವಾಗಿ ಒಂದು ವರ್ಷದ ಅವಧಿ ಇರುವುದರಿಂದ ನಡುವೆ ನವೀಕರಿಸಬೇಕಾಗುತ್ತದೆ, ದಿನಾಂಕ ಮರೆಯಬಾರದು. ಕೈ ಮೀರಿದರೆ ಹೋಗುವುದು ಬಳೆ, ಸರ. ಮನೆ ಹೋಗುವುದಿಲ್ಲ. ಕಾರ್ಡಿನ ಮಿತಿಯನ್ನು ಅದೇ ದಿನ 30–40 ಸಾವಿರಕ್ಕೆ ಇಳಿಸುವಂತೆ ಬರೆದುಕೊಡುವುದನ್ನು ಮಾತ್ರ ಮರೆಯಬೇಡಿ. ಖಾಲಿಯಾದ ಕಾರ್ಡು ಮತ್ತೆ ತುಂಬಿಕೊಂಡರೆ ಇದ್ದ ಒಂದು ಸಾಲ ಎರಡಾಗುತ್ತದೆ.

ಎಲ್ಲವನ್ನೂ ಮನೆಯ ಮೇಲೆ ಹಾಕುವ ಆಸೆ

ಈ ಹಂತದಲ್ಲಿ ಬ್ಯಾಂಕಿನಿಂದ ಕರೆ ಬರುತ್ತದೆ. ‘ನಿಮ್ಮ ಗೃಹಸಾಲದ ಮೇಲೆ ಟಾಪ್‌ಅಪ್ ಸಾಲ ಮಂಜೂರಾಗಿದೆ ಮೇಡಂ, ಎಲ್ಲ ಸಾಲವನ್ನೂ ಒಂದೇ ಕಂತಿಗೆ ತರಬಹುದು’ ಎನ್ನುತ್ತಾರೆ. ಟಾಪ್‌ಅಪ್ ಎಂದರೆ ಅದೇ ಮನೆಯ ಅಡಮಾನದ ಮೇಲೆ ಕೊಡುವ ಹೆಚ್ಚುವರಿ ಸಾಲ. ಹಲವು ಕಡೆ ಕಂತು ಕಟ್ಟಿ ಬೇಸತ್ತವರಿಗೆ ಇದು ದೇವರೇ ಕಳಿಸಿದ ಕರೆ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡೋಣ. 5 ಲಕ್ಷದ ವೈಯಕ್ತಿಕ ಸಾಲಕ್ಕೆ ಶೇ 14ರಂತೆ ಐದು ವರ್ಷದಲ್ಲಿ ಕಟ್ಟುವ ಬಡ್ಡಿ ಸುಮಾರು 1.98 ಲಕ್ಷ. ಅದೇ 5 ಲಕ್ಷವನ್ನು ಶೇ 9.5ರ ಟಾಪ್‌ಅಪ್‌ಗೆ ಬದಲಿಸಿ, ಗೃಹಸಾಲದ ಉಳಿದ ಅವಧಿಯಾದ 15 ವರ್ಷಕ್ಕೆ ಹರಡಿದರೆ ಕಂತು 11,634ರಿಂದ 5,221ಕ್ಕೆ ಇಳಿಯುತ್ತದೆ. ಬಡ್ಡಿ ಮಾತ್ರ 4.4 ಲಕ್ಷಕ್ಕೆ ಏರುತ್ತದೆ. ಬಡ್ಡಿದರ ಕಡಿಮೆಯಾಗಿ ಬಡ್ಡಿ ಎರಡು ಪಟ್ಟಿಗಿಂತ ಹೆಚ್ಚಾಯಿತು! ಅವಧಿಯನ್ನು ಐದೇ ವರ್ಷಕ್ಕೆ ಇಟ್ಟರೆ ಬಡ್ಡಿ 1.3 ಲಕ್ಷ, ಅಂದರೆ 68 ಸಾವಿರ ಉಳಿತಾಯ. ಟಾಪ್‌ಅಪ್ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ದರಕ್ಕಿಂತ ಅವಧಿ ತೀರ್ಮಾನಿಸುತ್ತದೆ.

ಇದರಲ್ಲಿ ಇನ್ನೊಂದು ಅಂಶವಿದೆ. ನಿನ್ನೆಯವರೆಗೆ ಯಾವ ಆಧಾರವೂ ಇಲ್ಲದೆ ಬ್ಯಾಂಕು ಕೊಟ್ಟಿದ್ದ ಸಾಲ ಇವತ್ತಿನಿಂದ ಮನೆಯ ಅಡಮಾನದ ಮೇಲೆ ನಿಂತಿತು. ವೈಯಕ್ತಿಕ ಸಾಲದ ಕಂತು ತಪ್ಪಿದರೆ ಕ್ರೆಡಿಟ್ ಸ್ಕೋರ್ ಕೆಡುತ್ತದೆ, ವಸೂಲಿಯವರು ಕಾಡುತ್ತಾರೆ, ಕೋರ್ಟ್ ನೋಟಿಸ್ ಬರಬಹುದು. ಟಾಪ್‌ಅಪ್‌ನ ಕಂತು ತಪ್ಪಿದರೆ ಸರ್ಫೇಸಿ. ಇಬ್ಬರ ಆದಾಯ ಇದ್ದವರು ಈ ಅಪಾಯವನ್ನು ಹೊರಬಹುದೇನೋ. ಒಬ್ಬರೇ ಇರುವವರಿಗೆ ನನ್ನ ಸಲಹೆ ಸ್ಪಷ್ಟ: ಆರು ತಿಂಗಳ ಮೀಸಲು ಕೈಯಲ್ಲಿಲ್ಲದೆ ಟಾಪ್‌ಅಪ್‌ಗೆ ಸಹಿ ಹಾಕಬೇಡಿ.

ವೈಯಕ್ತಿಕ ಸಾಲವನ್ನು ಅವಧಿಗೆ ಮುಂಚೆ ತೀರಿಸಲು ಹೊರಟಾಗ ಒಪ್ಪಂದದ ಪತ್ರ ತೆಗೆದು ನೋಡಿ. ಈ ಸಾಲಗಳ ಬಡ್ಡಿ ಸಾಮಾನ್ಯವಾಗಿ ಸ್ಥಿರ ದರದ್ದು, ಮುಂಗಡ ಮುಕ್ತಾಯಕ್ಕೆ ಶುಲ್ಕ ಇರುತ್ತದೆ. ಬದಲಾಗುವ ದರದ ಗೃಹಸಾಲಕ್ಕೆ ವ್ಯಕ್ತಿಗಳಿಂದ ಅಂಥ ಶುಲ್ಕ ವಸೂಲು ಮಾಡುವಂತಿಲ್ಲ. ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಇದನ್ನು 2012ರಲ್ಲೇ ಹೇಳಿದೆ.

ಬೆಂಗಳೂರಿನಲ್ಲಿ ಇನ್ನೊಂದು ಆಸೆಯೂ ಇದೆ, ಭೋಗ್ಯದ್ದು. ಮನೆಯನ್ನು ಲೀಸ್‌ಗೆ ಕೊಟ್ಟರೆ ಒಂದೇ ಗಂಟಿಗೆ 15–20 ಲಕ್ಷ ಬರುತ್ತದೆ, ಬಾಡಿಗೆ ಇಲ್ಲ, ಎರಡು ಮೂರು ವರ್ಷದ ನಂತರ ಗಂಟು ಹಿಂದಿರುಗಿಸಿದರೆ ಮನೆ ವಾಪಸ್. ಅಮ್ಮನ ಮನೆಗೋ ಪುಟ್ಟ ಬಾಡಿಗೆ ಕೋಣೆಗೋ ಹೋಗಿ, ಆ ಗಂಟಿನಲ್ಲಿ ಕಾರ್ಡು, ವೈಯಕ್ತಿಕ ಸಾಲ ಎರಡನ್ನೂ ತೀರಿಸಿ, ಉಳಿದದ್ದನ್ನು ಗೃಹಸಾಲಕ್ಕೆ ಕಟ್ಟಬಹುದಲ್ಲ ಎಂದು ಯೋಚಿಸುವವರನ್ನು ನಾನು ಕಂಡಿದ್ದೇನೆ. ಭೋಗ್ಯದ ಹಣವೂ ಸಾಲವೇ ಎಂಬುದು ಇಲ್ಲಿ ಮರೆತುಹೋಗುತ್ತದೆ. ಅದಕ್ಕೆ ಮಾಸಿಕ ಕಂತಿಲ್ಲ, ಆದರೆ ಗಡುವಿನ ದಿನ ಪೂರ್ತಿ ಗಂಟು ಬೇಕು. ಮೂರು ವರ್ಷದಲ್ಲಿ 18 ಲಕ್ಷ ಹೊಂದಿಸಲು ತಿಂಗಳಿಗೆ 50 ಸಾವಿರ ಎತ್ತಿಡಬೇಕು. ಅಷ್ಟು ಎತ್ತಿಡಲು ಆಗುವವರಿಗೆ ಭೋಗ್ಯದ ಅಗತ್ಯವೇ ಬರುತ್ತಿರಲಿಲ್ಲ. ಕೊನೆಗೆ ಇನ್ನೊಬ್ಬ ಲೀಸ್‌ದಾರರನ್ನು ಹುಡುಕಿ ಅವರ ಹಣದಿಂದ ಇವರಿಗೆ ಕೊಡುವ ಸರಪಣಿ ಶುರುವಾಗುತ್ತದೆ. ಬ್ಯಾಂಕಿಗೆ ಅಡಮಾನವಾಗಿರುವ ಮನೆಯನ್ನು ಅದರ ಒಪ್ಪಿಗೆ ಇಲ್ಲದೆ ಭೋಗ್ಯಕ್ಕೆ ಕೊಡುವುದು ಸಾಲದ ಒಪ್ಪಂದಕ್ಕೂ ಸಾಮಾನ್ಯವಾಗಿ ವಿರುದ್ಧ, ಹಣ ಕೊಟ್ಟು ಬಂದ ಕುಟುಂಬಕ್ಕೂ ಅನ್ಯಾಯ. ಒಂದು ಕೋಣೆಯನ್ನು ನಂಬಿಕಸ್ಥ ಸಹವಾಸಿಗೆ ಬಾಡಿಗೆಗೆ ಕೊಡುವುದು ಇದಕ್ಕಿಂತ ಎಷ್ಟೋ ಮೇಲು. ತಿಂಗಳಿಗೆ 10 ಸಾವಿರ ಬಂದರೂ ವೈಯಕ್ತಿಕ ಸಾಲದ ಕಂತಿನ ಬಹುಪಾಲು ಅದರಲ್ಲೇ ಹೋಗುತ್ತದೆ. ಏಕಾಂತ ಕಳೆದುಕೊಳ್ಳುವುದು ಸಣ್ಣ ಬೆಲೆಯಲ್ಲ, ನಿಜ. ಒಂದೆರಡು ವರ್ಷಕ್ಕೆ ಎಂದು ಮೊದಲೇ ಗೊತ್ತುಮಾಡಿಕೊಂಡರೆ ಅದನ್ನು ಸಹಿಸಬಹುದು.

ಬಡ್ಡಿ ಏರಿದಾಗ, ಇಳಿದಾಗ

ಮನೆಸಾಲದ ಮುಖ್ಯ ಅಪಾಯ ಅದರ ಬದಲಾಗುವ ದರದಲ್ಲಿದೆ. ಬ್ಯಾಂಕುಗಳು 2019ರ ಅಕ್ಟೋಬರ್ 1ರಿಂದ ಕೊಡುವ ಇಂಥ ಸಾಲಗಳು ರೆಪೊದಂಥ ಹೊರಗಿನ ಮಾನದಂಡಕ್ಕೆ ಜೋಡಿಸಿಕೊಂಡಿವೆ, ಕನಿಷ್ಠ ಮೂರು ತಿಂಗಳಿಗೊಮ್ಮೆ ದರ ಪರಿಷ್ಕರಣೆಯಾಗಬೇಕು. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರೆಪೊ ದರ ಶೇ 4ರಿಂದ 6.5ಕ್ಕೆ ಏರಿತು. ಅದಕ್ಕೂ ಮೊದಲು ಶೇ 6.75ರ ದರದಲ್ಲಿ 20 ವರ್ಷಕ್ಕೆ 40 ಲಕ್ಷ ಸಾಲ ಪಡೆದವರ ಕಂತು 30,415. ಎರಡು ವರ್ಷ ಕಟ್ಟಿದ ಮೇಲೆ ಉಳಿದ ಅಸಲು ಸುಮಾರು 37.97 ಲಕ್ಷ. ಲೆಕ್ಕ ಸುಲಭವಾಗಲೆಂದು ಏರಿಕೆಯೆಲ್ಲ ಆಗ ಒಮ್ಮೆಲೇ ಬಂದು ದರ ಶೇ 9.25 ಆಯಿತೆನ್ನೋಣ. ತಿಂಗಳ ಬಡ್ಡಿಯೇ 29,270. ಕಂತನ್ನು ಹಾಗೆಯೇ ಬಿಟ್ಟರೆ ಅಸಲಿಗೆ ಹೋಗುವುದು 1,145 ರೂಪಾಯಿ, ಉಳಿದ 18 ವರ್ಷದ ಸಾಲ 35 ವರ್ಷಕ್ಕೂ ಮೀರಿ ಹೋಗುತ್ತದೆ. ಕಂತು ಏರಲಿಲ್ಲವೆಂದು ಸಮಾಧಾನಪಟ್ಟುಕೊಂಡ ಎಷ್ಟೋ ಮಂದಿಗೆ ತಮ್ಮ ಸಾಲ ನಿವೃತ್ತಿಯ ಆಚೆಗೆ ಬೆಳೆದದ್ದು ಗೊತ್ತೇ ಆಗಲಿಲ್ಲ.

ಈ ಕಾರಣಕ್ಕೇ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 18ರಂದು ಸುತ್ತೋಲೆ ಹೊರಡಿಸಿತು. ದರ ಬದಲಾದಾಗ ಕಂತು ಹೆಚ್ಚಿಸಬೇಕೋ, ಅವಧಿ ಹೆಚ್ಚಿಸಬೇಕೋ, ಎರಡನ್ನೂ ಸ್ವಲ್ಪ ಸ್ವಲ್ಪ ಬದಲಿಸಬೇಕೋ ಎಂಬ ಆಯ್ಕೆಯನ್ನು ಸಾಲಗಾರರಿಗೆ ಕೊಡಬೇಕು, ಕಂತು ಬಡ್ಡಿಗೂ ಸಾಲದಂಥ ಸ್ಥಿತಿ ಬರಬಾರದು ಎಂದು ಅದರಲ್ಲಿದೆ. 2025ರಲ್ಲಿ ದರ ಇಳಿಯಿತು. ಇಳಿಕೆ ನಿಮ್ಮ ಖಾತೆಗೆ ಬಂದಿದೆಯೇ? ನಿಮ್ಮ ಸಾಲ 2019ಕ್ಕೂ ಹಳೆಯದಾಗಿದ್ದು ಇನ್ನೂ ಬ್ಯಾಂಕೇ ಲೆಕ್ಕ ಹಾಕಿ ಗೊತ್ತುಮಾಡುವ ಹಳೆಯ ಮಾನದಂಡಗಳಾದ ಎಂಸಿಎಲ್‌ಆರ್ ಅಥವಾ ಬೇಸ್ ರೇಟ್‌ನಲ್ಲೇ ಇದ್ದರೆ ಇಳಿಕೆ ನಿಧಾನವಾಗಿ, ಅರೆಬರೆಯಾಗಿ ಬರುತ್ತದೆ. ಗೃಹ ಹಣಕಾಸು ಕಂಪನಿಯಿಂದ ಪಡೆದಿದ್ದರೆ ಆ 2019ರ ನಿಯಮವೇ ಅದಕ್ಕೆ ಅನ್ವಯಿಸುವುದಿಲ್ಲ. ಶಾಖೆಗೆ ಹೋಗಿ ಹೊಸ ಮಾನದಂಡಕ್ಕೆ ಬದಲಿಸಿಕೊಡಿ ಎಂದು ಬರವಣಿಗೆಯಲ್ಲಿ ಕೇಳಿ. ಒಪ್ಪದಿದ್ದರೆ ಬೇರೆ ಬ್ಯಾಂಕಿಗೆ ವರ್ಗಾಯಿಸುವ ದಾರಿ ಇದೆ. ಬಿ ಖಾತಾ (ಪೂರ್ತಿ ಸಕ್ರಮವಾಗದ) ಆಸ್ತಿಯವರಿಗೆ ಆ ದಾರಿಯೂ ಬಹುಮಟ್ಟಿಗೆ ಮುಚ್ಚಿದೆ, ಅವರ ಕಷ್ಟ ಬೇರೆಯೇ ಲೇಖನ ಬೇಡುತ್ತದೆ.

ಒಂಟಿಯವರಿಗೆ ಬೇರೆ ಉತ್ತರ ಹೊಂದುವ ಪ್ರಶ್ನೆಯೊಂದು ಇಲ್ಲಿ ಬರುತ್ತದೆ. ಉಳಿದ ಸಾಲಗಳು ತೀರಿ, ಮೀಸಲು ತುಂಬಿ, ಒಂದು ದಿನ ಗೃಹಸಾಲಕ್ಕೆ 4 ಲಕ್ಷ ಹೆಚ್ಚುವರಿಯಾಗಿ ಕಟ್ಟಲು ಹೋಗುತ್ತೀರಿ ಎಂದುಕೊಳ್ಳಿ. ಕೌಂಟರಿನಲ್ಲಿ ಕೇಳುತ್ತಾರೆ: ‘ಅವಧಿ ಕಡಿಮೆ ಮಾಡಬೇಕೋ, ಕಂತು ಕಡಿಮೆ ಮಾಡಬೇಕೋ?’ ಬಲ್ಲವರೆಲ್ಲ ‘ಅವಧಿ ಕಡಿಮೆ ಮಾಡಿಸಿ, ಬಡ್ಡಿ ಉಳಿಯುತ್ತದೆ’ ಎನ್ನುತ್ತಾರೆ. ನಮ್ಮ ಉದಾಹರಣೆಯಲ್ಲಿ ಈಗಿನ ಬಾಕಿಯಾದ 35.25 ಲಕ್ಷದ ಮೇಲೇ ಲೆಕ್ಕ ಹಾಕೋಣ. ಕಂತನ್ನು 34,713ರಲ್ಲೇ ಉಳಿಸಿಕೊಂಡರೆ 15 ವರ್ಷದ ಸಾಲ 12 ವರ್ಷಕ್ಕೆ ಮುಗಿಯುತ್ತದೆ. ಅವಧಿ ಹಾಗೆಯೇ ಬಿಟ್ಟು ಕಂತು ಇಳಿಸಿದರೆ ಅದು 30,773ಕ್ಕೆ ಬರುತ್ತದೆ, ತಿಂಗಳಿಗೆ 3,940 ಕಡಿಮೆ.

ಒಂಟಿಯವರು ಎರಡನೆಯದನ್ನು ಆರಿಸಿಕೊಂಡು, ಕಡಿಮೆಯಾದ 3,940 ರೂಪಾಯಿಯನ್ನು ಪ್ರತಿ ತಿಂಗಳೂ ತಾವಾಗಿಯೇ ಅಸಲಿಗೆ ಕಟ್ಟುವುದು ಒಳ್ಳೆಯದು. ತಪ್ಪದೆ ಕಟ್ಟಿದರೆ ಸಾಲ ಅದೇ 12 ವರ್ಷಕ್ಕೆ ಮುಗಿಯುತ್ತದೆ, ಬಡ್ಡಿಯೂ ಅಷ್ಟೇ ಉಳಿಯುತ್ತದೆ. ಆದರೆ ಕೆಲಸ ಹೋದ ತಿಂಗಳು ಬ್ಯಾಂಕು ಕೇಳುವುದು 30,773 ಮಾತ್ರ. ಉಳಿದದ್ದನ್ನು ಯಾರ ಅನುಮತಿಯೂ ಇಲ್ಲದೆ ನಿಲ್ಲಿಸಬಹುದು. ಎರಡು ಮೂರು ಬಾರಿ ಹೀಗೆ ಮಾಡಿದವರ ಕಡ್ಡಾಯ ಕಂತು 25 ಸಾವಿರದ ಆಸುಪಾಸಿಗೆ ಇಳಿದು, ಮೀಸಲಿನಲ್ಲಿ ಆರು ತಿಂಗಳ ಕಂತಿಗೆಂದು ಇಟ್ಟ ಹಣ ಎಂಟು ತಿಂಗಳ ಕಂತಿಗೆ ಸಾಕಾಗುತ್ತದೆ. ಇದಕ್ಕೆ ಶಿಸ್ತು ಬೇಕು, ಸ್ವಯಂಚಾಲಿತ ವರ್ಗಾವಣೆ ಹಾಕಿಟ್ಟರೆ ಆ ಶಿಸ್ತು ತಾನಾಗಿ ಬರುತ್ತದೆ. ಓವರ್‌ಡ್ರಾಫ್ಟ್ ಮಾದರಿಯ ಗೃಹಸಾಲ (ಸ್ಟೇಟ್ ಬ್ಯಾಂಕಿನ ಮ್ಯಾಕ್ಸ್‌ಗೇನ್ ಇದಕ್ಕೆ ಹೆಸರಾದದ್ದು) ಇನ್ನೂ ಅನುಕೂಲ. ಅದರಲ್ಲಿ ಹೆಚ್ಚುವರಿ ಹಣ ಇಟ್ಟಷ್ಟು ದಿನ ಬಡ್ಡಿ ಕಡಿಮೆ, ಬೇಕಾದಾಗ ಆ ಹಣವನ್ನು ಹಿಂತೆಗೆಯಲೂಬಹುದು. ದರ ತುಸು ಹೆಚ್ಚಿದ್ದರೂ ಒಂಟಿ ಆದಾಯದವರಿಗೆ ಆ ಬೆಲೆ ಕೊಡುವುದು ಸರಿಯೆಂದೇ ನನ್ನ ಅಭಿಪ್ರಾಯ.

ತೆರಿಗೆ ಉಳಿಯುತ್ತದೆಂದು ಗೃಹಸಾಲವನ್ನು ಬೇಗ ತೀರಿಸಬೇಡಿ ಎನ್ನುವ ಹಳೆಯ ಮಾತು ಇನ್ನೂ ಓಡಾಡುತ್ತಿದೆ. ಸ್ವಂತ ವಾಸದ ಮನೆಯ ಬಡ್ಡಿಗೆ 2 ಲಕ್ಷದವರೆಗಿನ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ ಅದಿಲ್ಲ, ಮತ್ತು 2023–24ನೇ ಸಾಲಿನಿಂದ ನಾವಾಗಿ ಬೇರೆ ಆಯ್ಕೆ ಮಾಡದಿದ್ದರೆ ಹೊಸದೇ ಅನ್ವಯ. ಹಳೆಯ ಪದ್ಧತಿಯಲ್ಲೂ ಜಂಟಿ ಸಾಲದ ದಂಪತಿ ತಲಾ 2 ಲಕ್ಷ ಪಡೆಯುತ್ತಿದ್ದರು, ಒಂಟಿಯವರಿಗೆ ಒಂದೇ 2 ಲಕ್ಷ. ಭವಿಷ್ಯನಿಧಿ ಮುರಿದು ಸಾಲ ತೀರಿಸುವ ಯೋಚನೆಯನ್ನೂ ಬಿಡಿ. 2024–25ರಲ್ಲಿ ಭವಿಷ್ಯನಿಧಿಗೆ ಸಿಕ್ಕ ಬಡ್ಡಿ ಶೇ 8.25. ಗೃಹಸಾಲದ ದರಕ್ಕೂ ಅದಕ್ಕೂ ಹೆಚ್ಚು ಅಂತರವಿಲ್ಲ, ಮುಪ್ಪಿನಲ್ಲಿ ನಂಬಿಕೊಳ್ಳಲು ಇನ್ನೊಬ್ಬರ ಪಿಂಚಣಿಯೂ ನಿಮಗಿಲ್ಲ.

ಯಾರಿಗೂ ಹೇಳದ ಸಾಲ

ಒಬ್ಬರೇ ಇರುವವರ ಸಾಲ ಬೆಳೆಯಲು ಇನ್ನೊಂದು ಕಾರಣ, ಅದು ಯಾರ ಕಣ್ಣಿಗೂ ಬೀಳದಿರುವುದು. ‘ಈ ತಿಂಗಳು ಕಾರ್ಡಿಗೆ ಎಷ್ಟು ಹೋಯಿತು’ ಎಂದು ಕೇಳುವವರು ಮನೆಯಲ್ಲಿಲ್ಲ. ಊರಿನಲ್ಲಿರುವ ತಂದೆತಾಯಿಗೆ ಹೇಳಿದರೆ ‘ಒಬ್ಬಳೇ ಮನೆ ತಗೋಬೇಡ ಅಂತ ಆಗಲೇ ಹೇಳಿದ್ದೆವು’ ಎಂಬ ಮಾತು ಕೇಳಬೇಕಾದೀತೆಂಬ ಅಂಜಿಕೆ. ವಸೂಲಿಯವರಿಗೆ ಈ ಅಂಜಿಕೆ ಚೆನ್ನಾಗಿ ಗೊತ್ತು, ಅವರು ಒತ್ತುವುದು ಅಲ್ಲಿಯೇ: ‘ನಿಮ್ಮ ಅಪ್ಪನಿಗೆ ಫೋನ್ ಮಾಡುತ್ತೇವೆ, ಅಪಾರ್ಟ್‌ಮೆಂಟಿಗೆ ಬರುತ್ತೇವೆ.’

ಈ ಬೆದರಿಕೆಗೆ ಹೆದರಿ ಇನ್ನೊಂದು ಆ್ಯಪ್‌ನಿಂದ ಸಾಲ ಎತ್ತುವವರೇ ಹೆಚ್ಚು ಮುಳುಗುವುದು. ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ, ಮನೆಯವರನ್ನೂ ಸ್ನೇಹಿತರನ್ನೂ ಎಳೆದುತಂದು ಅವಮಾನಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಕರೆ ಬಂದ ದಿನ, ಸಮಯ, ಸಂಖ್ಯೆ, ಆಡಿದ ಮಾತು ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಮೊದಲು ಬ್ಯಾಂಕಿಗೆ ಲಿಖಿತ ದೂರು. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ನೋಂದಣಿಯೇ ಇಲ್ಲದ ಲೇವಾದೇವಿಗಾರರ ಕಾಟವಾದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯಾಗಿ ತಂದು, ಆಮೇಲೆ ಕಾಯ್ದೆಯಾಗಿಸಿದ ಕಿರುಸಾಲ ಕಾನೂನು ನೆರವಿಗಿದೆ. ಬಲವಂತದ ವಸೂಲಿಗೆ ಆ ಸುಗ್ರೀವಾಜ್ಞೆಯಲ್ಲಿ ಹತ್ತು ವರ್ಷದವರೆಗೆ ಜೈಲು ಶಿಕ್ಷೆ ಗೊತ್ತುಪಡಿಸಲಾಗಿತ್ತು.

ಕಂತು ತಪ್ಪುವುದು ಖಚಿತ ಅನ್ನಿಸಿದರೆ ತಪ್ಪುವ ಮೊದಲೇ ಶಾಖೆಗೆ ಹೋಗಿ. ಕಂತು ತಪ್ಪಿ ಮೂರು ತಿಂಗಳಾದವರಿಗಿಂತ, ಇನ್ನೂ ತಪ್ಪದವರಿಗೆ ಬ್ಯಾಂಕು ಅವಧಿ ವಿಸ್ತರಿಸಿಕೊಡುವ ಸಾಧ್ಯತೆ ಹೆಚ್ಚು. ಅರ್ಧ ಕಟ್ಟಿದರೆ ಸಾಕು, ಸೆಟಲ್ ಮಾಡಿಕೊಡುತ್ತೇವೆ ಎಂದು ಕಾರ್ಡಿನವರು ಹೇಳಿದಾಗ ಆಸೆಪಡುವ ಮೊದಲು ಒಂದು ಮಾತು ನೆನಪಿಡಿ. ಕ್ರೆಡಿಟ್ ವರದಿಯಲ್ಲಿ ಆ ಖಾತೆ ‘ಮುಕ್ತಾಯ’ ಎಂದಲ್ಲ, ‘ಸೆಟಲ್ಡ್’ ಎಂದು ದಾಖಲಾಗುತ್ತದೆ. ನಾಳೆ ಗೃಹಸಾಲವನ್ನು ಕಡಿಮೆ ದರದ ಬ್ಯಾಂಕಿಗೆ ವರ್ಗಾಯಿಸಲು ಹೋದಾಗ ಆ ಒಂದು ಪದ ಅಡ್ಡ ಬರುತ್ತದೆ. ಸಾಲಗಾರರ ದಾಖಲೆ ಇಡುವ ನಾಲ್ಕು ಕ್ರೆಡಿಟ್ ಸಂಸ್ಥೆಗಳೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಮೂರು ತಿಂಗಳಿಗೊಂದರಂತೆ ತರಿಸಿಕೊಂಡರೆ ಇಡೀ ವರ್ಷ ಕಣ್ಣಿಟ್ಟಂತಾಗುತ್ತದೆ.

ವಿಮೆಯ ಬಗ್ಗೆ ಎರಡು ಮಾತು. ಒಂಟಿಯವರ ಸಾಲ ಸಾಮಾನ್ಯವಾಗಿ ಕೈಮೀರುವುದು ಆಸ್ಪತ್ರೆ ಬಿಲ್ಲಿನಿಂದ, ಕಂಪನಿ ಕೊಟ್ಟ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಸ್ವಂತದ ಒಂದು ಪಾಲಿಸಿ, ಸಾಧ್ಯವಾದರೆ ತಂದೆತಾಯಿಗೂ, ಇರಲೇಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಮತ್ತು ಜೀವ ವಿಮೆಯ ಕಂತಿಗೆ ಜಿಎಸ್‌ಟಿ ಇಲ್ಲವಾದ್ದರಿಂದ ಅದು ಮೊದಲಿಗಿಂತ ಅಗ್ಗ. ಗೃಹಸಾಲದ ಜೊತೆಗೇ ಮಾರುವ ಸಾಲ ರಕ್ಷಣಾ ವಿಮೆಯ ಕಂತನ್ನು ಬಹಳ ಕಡೆ ಸಾಲಕ್ಕೇ ಸೇರಿಸಿ ಅದಕ್ಕೂ 20 ವರ್ಷ ಬಡ್ಡಿ ಹಾಕುತ್ತಾರೆ. ನಿಮ್ಮ ನಂತರ ಮನೆಯೂ ಸಾಲವೂ ವಯಸ್ಸಾದ ತಂದೆತಾಯಿಗೆ ಹೋಗುವುದಾದರೆ ಬೇರೆಯಾಗಿ ಒಂದು ಟರ್ಮ್ ಪಾಲಿಸಿ (ಅವಧಿಯೊಳಗೆ ತೀರಿಕೊಂಡರೆ ಮಾತ್ರ ಹಣ ಕೊಡುವ ಜೀವ ವಿಮೆ) ಕೊಳ್ಳುವುದು ಸಾಮಾನ್ಯವಾಗಿ ಅಗ್ಗ. ಸಾಲದ ಖಾತೆ ಸಂಖ್ಯೆ, ಪಾಲಿಸಿ, ಬ್ಯಾಂಕ್ ವಿವರ ಎಲ್ಲ ಇರುವ ಒಂದು ಕಡತ ಎಲ್ಲಿದೆ ಎಂದು ಅಕ್ಕನಿಗೋ ತಮ್ಮನಿಗೋ ನಂಬಿಕೆಯ ಗೆಳತಿಗೋ ಗೊತ್ತಿರಬೇಕು. ಒಬ್ಬರಿಗಾದರೂ ಹೇಳಿದ ಸಾಲ ಹೇಳದ ಸಾಲಕ್ಕಿಂತ ಬೇಗ ತೀರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಗೃಹಸಾಲದ ಕೊನೆಯ ಕಂತು ಕಟ್ಟಿದ ಮೇಲೂ ಕೆಲಸ ಬಾಕಿ ಇರುತ್ತದೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಮೂಲ ದಾಖಲೆಗಳನ್ನು ಹಿಂದಿರುಗಿಸಬೇಕು; ತನ್ನ ಕಾರಣಕ್ಕೆ ತಡ ಮಾಡಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. 2023ರ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದೆ. ಕ್ರಯಪತ್ರ, ಮೂಲಪತ್ರಗಳು, ಖಾತಾ ಎಲ್ಲವೂ ಬಂದಿವೆಯೇ ಎಂದು ಸಾಲ ಪಡೆಯುವಾಗ ಬ್ಯಾಂಕು ಕೊಟ್ಟಿದ್ದ ದಾಖಲೆಗಳ ಪಟ್ಟಿಯೊಂದಿಗೆ ತಾಳೆ ನೋಡಿ, ಬಾಕಿ ಇಲ್ಲವೆಂಬ ಪತ್ರ ಪಡೆಯಿರಿ. ಅಡಮಾನ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಿದ್ದರೆ ಬಿಡುಗಡೆ ಪತ್ರವನ್ನೂ ನೋಂದಾಯಿಸಿ. ಆಮೇಲೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಹೊಸ ಋಣಭಾರ ಪ್ರಮಾಣಪತ್ರ ತೆಗೆದು, ಆ ಬಿಡುಗಡೆ ಅದರಲ್ಲಿ ದಾಖಲಾಗಿದೆಯೇ ಎಂದು ಖಚಿತಪಡಿಸಿಕೊಳ್ಳಿ.